ಬೀಳದ ಕುರ್ಚಿ

ಮಾರ್ಚ್ ೩

ತಮ್ಮಾ,

ಇದನ್ನ ಅಂಗಡಿಯಲ್ಲಿ ಕೂತು ಬರೀತಿದ್ದೀನಿ. ಮನೆಯಲ್ಲಿ ಬರೆಯೋಕೆ ಕೂತರೆ ಅಮ್ಮ ಕನ್ನಡಕ ಏರಿಸಿಕೊಂಡು, "ಏನೇ ಅದು, ಗಟ್ಟಿಯಾಗಿ ಓದು" ಅಂತಾಳೆ. ಫೋನು ಮಾಡೋಣ ಅಂದರೆ ನೀವು ದೋಣಿ ಕಟ್ಟೋ ಜಾಗದಲ್ಲಿರೋ ಒಂದೇ ಒಂದು ಫೋನು ಮೇಸ್ತ್ರಿ ಮೇಜಿನ ಮೇಲೆ. ನಾನು ಒಂದು ಮಾತು ಜೋರಾಗಿ ಅಂದರೆ ಅಲ್ಲಿರೋ ಬಡಗಿಗಳೆಲ್ಲ ಕೇಳಿಸಿಕೊಳ್ತಾರೆ. ಅದಕ್ಕೇ ಕಾಗದ.

ವಿಷಯ ಇಷ್ಟೇ, ಅಮ್ಮನಿಗೆ ಒಂದು ಕುರ್ಚಿ ಬೇಕು. ಕಿಟಕಿ ಪಕ್ಕದ ಹಳೇ ಸೋಫಾದ ಹೊಟ್ಟೆ ಒಳಗೆ ಹೋಗಿಬಿಟ್ಟಿದೆ. ಮೊನ್ನೆ ಅದರಿಂದ ಏಳೋವಾಗ ಸ್ವಲ್ಪ ಜಾರಿದಳು. ಗಾಬರಿ ಬೇಡ, ಏನೂ ಆಗಿಲ್ಲ. ಡಾಕ್ಟರಿಗೆ ತೋರಿಸಿದೆ. ಮೊಣಕಾಲು ಸವೆದಿದೆ, ತೊಡೆಯಲ್ಲಿ ಬಲ ಕಡಿಮೆ, ಹಗಲೆಲ್ಲಾ ಒಬ್ಬರೇ ಇರೋದಾದರೆ ಕೂರೋ ಜಾಗ ಸರಿ ಇರಲೇಬೇಕು ಅಂದರು. ಅದಾಗದಿದ್ದರೆ ನಾನು ಹೊಲಿಗೆ ಅಂಗಡಿ ಮುಚ್ಚಿ ಮನೆಯಲ್ಲಿ ಕೂರಬೇಕು, ಇಲ್ಲ ಅಮ್ಮನನ್ನ ಆರೈಕೆ ಮನೆಗೆ ಸೇರಿಸಬೇಕು. ಈ ಮಾತು ಅಮ್ಮನ ಎದುರಿಗೇ ಆಡಿದರು ನೋಡು, ಪುಣ್ಯಾತ್ಮರು. "ಅಷ್ಟು ಚೆನ್ನಾಗಿದ್ದರೆ ನೀವೇ ಹೋಗಿ ಸೇರಿಕೊಳ್ಳಿ ಡಾಕ್ಟ್ರೇ, ನಾನು ನನ್ನ ಮನೆ ಬಿಟ್ಟು ಎಲ್ಲಿಗೂ ಬರಲ್ಲ" ಅಂದಳು.

ಪೀಠೋಪಕರಣದ ಅಂಗಡಿಗಳನ್ನೆಲ್ಲಾ ಸುತ್ತಿಸಿದೆ. ಒಂದು ಕುರ್ಚಿ ಗುಂಡಿ ಒತ್ತಿದರೆ ತಾನೇ ಮೇಲೆದ್ದು ಕೂತವರನ್ನ ನಿಲ್ಲಿಸುತ್ತೆ. ಅಮ್ಮ ಅದರಲ್ಲಿ ಕೂತು, ಎದ್ದು, "ಮನೆಯಿಂದ ಆಚೆ ತಳ್ಳೋಕೆ ಯಂತ್ರ ಬೇರೆ ಕಂಡುಹಿಡಿದಿದ್ದಾರಾ" ಅಂದಳು. ಇನ್ನೊಂದು ಹಲ್ಲು ಕೀಳೋರ ಕುರ್ಚಿ ಥರ ಇತ್ತು. ಮತ್ತೊಂದು ಎಷ್ಟು ಮೆತ್ತಗಿತ್ತು ಅಂದರೆ ಇಬ್ಬರು ಸೇರಿ ಅವಳನ್ನ ಹೊರಗೆ ಎಳೆದೆವು. ಕೊನೆಗೆ ಅವಳೇ ಹೇಳಿದಳು, "ಮನೆಯಲ್ಲೊಬ್ಬ ಉಳಿರಾಯ ಇದ್ದಾನಲ್ಲ, ಊರಿಗೆಲ್ಲಾ ದೋಣಿ ಮಾಡ್ತಾನೆ, ಅಮ್ಮನಿಗೊಂದು ಕುರ್ಚಿ ಮಾಡಲ್ವಾ" ಅಂತ.

ಅಳತೆ ಚೀಟಿ ಜೊತೆಗಿದೆ, ನಾನೇ ಟೇಪು ಹಿಡಿದು ತೆಗೆದಿದ್ದು. ಬೀಳದ ಹಾಗಿರಲಿ. ನನಗೆ ಬೇಕಾಗಿರೋದು ಅದೊಂದೇ.

ಅಕ್ಕ

ಮಾರ್ಚ್ ೧೪

ಅಕ್ಕಾ,

ಕುರ್ಚಿ ತಾನೆ? ಬಿಡು, ಅದು ನನ್ನ ತಲೆನೋವು. ಬೀಳದ ಹಾಗೆ ಕೂರಿಸೋದು ಹೇಗೆ ಅಂತ ನನ್ನನ್ನ ಬಿಟ್ಟು ಇನ್ಯಾರನ್ನ ಕೇಳ್ತೀಯ! ನಾವಿಲ್ಲಿ ಮಾಡೋದೇ ಅದು. ದೋಣಿಯ ಆಸನ ಅಂದರೆ ತಗ್ಗಾಗಿರಬೇಕು, ಕೂತವರ ಭಾರ ಕೆಳಗಿರಬೇಕು. ಹಿಂದಕ್ಕೆ ಸ್ವಲ್ಪ ಇಳಿಜಾರು ಕೊಟ್ಟರೆ ಬೆನ್ನು ತಾನಾಗೇ ಒರಗುತ್ತೆ. ಮುಂದೆ ನೆಲದಿಂದ ಎದ್ದ ಒಂದೇ ಹಲಗೆ, ಅದರ ಮೇಲಂಚು ಆಸನಕ್ಕಿಂತ ಎರಡು ಬೆರಳು ಎತ್ತರ. ಅಲೆ ಎಷ್ಟು ಕುಣಿದರೂ ಕೂತವರು ಕೂತಲ್ಲೇ.

ಮೇಸ್ತ್ರಿಗೆ ಹೇಳಿ ಒಳ್ಳೇ ಮರ ತೆಗೆದಿಟ್ಟಿದ್ದೀನಿ. ಆಸನದ ಕೆಳಗೆ ಪೆಟ್ಟಿಗೆ ಥರ ಜಾಗ ಬಿಡ್ತೀನಿ, ಅಮ್ಮ ನೂಲು ಗುಂಡಿ ಏನಾದರೂ ಇಟ್ಟುಕೊಳ್ಳಲಿ. ನೀನು ಕೊಟ್ಟ ಅಳತೆಗೆ ಸುತ್ತಲೂ ಎರಡು ಬೆರಳು ಸಡಿಲ ಬಿಟ್ಟಿದ್ದೀನಿ, ಇಕ್ಕಟ್ಟಾಗಬಾರದಲ್ಲ. ಮುಂದಿನ ಹಲಗೆ ಮೇಲೆ ಏನು ಕೆತ್ತುತ್ತೀನಿ ಅಂತ ಹೇಳಲ್ಲ. ನೋಡಿದಾಗ ಗೊತ್ತಾಗುತ್ತೆ.

ಸ್ವಲ್ಪ ಜಾರಿದಳು ಅಂದರೆ ಎಷ್ಟು? ನಿನ್ನ "ಸ್ವಲ್ಪ" ನನಗೆ ಚೆನ್ನಾಗಿ ಗೊತ್ತು.

ತಮ್ಮ

ಏಪ್ರಿಲ್ ೬

ತಮ್ಮಾ,

ಬಂತು. ಲಾರಿಯವನು ಇಳಿಸಿ, ಅವನೇ ಒಂದು ಸಲ ಕೂತು ನೋಡಿ, "ಏಳೋಕೇ ಮನಸ್ಸು ಬರಲ್ಲಮ್ಮಾ" ಅಂತ ಹೊಗಳಿ ಹೋದ. ಮುಂದಿನ ಹಲಗೆ ಮೇಲೆ ಕತ್ತರಿ ಕೆತ್ತಿದ್ದೀಯಲ್ಲೋ! ಅಮ್ಮ ಅಂಗಡಿ ನಡೆಸೋವಾಗ ಹಿಡೀತಿದ್ದ ದೊಡ್ಡ ಕತ್ತರೀನೇ ಅದು, ಹಿಡಿ ಸ್ವಲ್ಪ ಸೊಟ್ಟಗಿರೋದೂ ಹಾಗೇ ಇದೆ. ಅಮ್ಮ ಅದರ ಮೇಲೆ ಬೆರಳಾಡಿಸಿದಳು. ಆಮೇಲೆ ಕೂತಳು. ಅಕ್ಕಪಕ್ಕದವರೆಲ್ಲ ಬಂದು ನೋಡಿಕೊಂಡು ಹೋದರು. "ನನ್ನ ಮಗ ಕಳಿಸಿದ್ದು" ಅಂತ ಒಬ್ಬೊಬ್ಬರಿಗೂ ಹೊಸದಾಗಿ ಹೇಳಿದಳು, ನನಗೆ ಕೇಳಿ ಕೇಳಿ ಬಾಯಿಪಾಠ ಆಯ್ತು.

ನಿನಗೆ ಹೇಗೆ ಹೇಳಲಿ, ನನಗೆ ಎಷ್ಟು ನೆಮ್ಮದಿ ಆಗಿದೆ ಅಂತ. ಮೊದಲು ಅಂಗಡಿಯಲ್ಲಿ ಕೂತು ಹೊಲೀತಿದ್ದರೂ ಕಿವಿ ಮನೆ ಕಡೆಗೇ ಇರ್ತಿತ್ತು. ಈಗ ಬೆಳಿಗ್ಗೆ ಕೂರಿಸಿ ಬಂದರೆ ಮಧ್ಯಾಹ್ನ ಊಟಕ್ಕೆ ಹೋದಾಗ ಅಲ್ಲೇ ಇರ್ತಾಳೆ, ಸಂಜೆಗೂ ಅಲ್ಲೇ. ಮೊದಲಿನ ಹಾಗೆ ಅಡುಗೆಮನೆ, ಹಿತ್ತಲು ಅಂತ ಗೋಡೆ ಹಿಡಿದು ಓಡಾಡೋ ಹುಚ್ಚು ಬಿಟ್ಟುಹೋಗಿದೆ. ಬಾಯಾರಿಕೆ ಕೂಡ ಕಡಿಮೆ ಆಗಿದೆ, ಪಕ್ಕದಲ್ಲಿಟ್ಟ ನೀರಿನ ಜಗ್ಗು ತುಂಬಿದ್ದು ತುಂಬಿದ ಹಾಗೇ ಇರುತ್ತೆ. ಕೂತಲ್ಲೇ ಆರಾಮಾಗಿದ್ದರೆ ಹಾಗೇ ಇರಬೇಕು.

ಸುಮ್ಮನೆ ಹೊಗಳ್ತಿಲ್ಲ. ಚೆನ್ನಾಗಿ ಮಾಡಿದ್ದೀಯ ಕಣೋ.

ಅಕ್ಕ

ಏಪ್ರಿಲ್ ೧೫

ಅಕ್ಕಾ,

ನೀನು ಹೊಗಳಿದ ಕಾಗದವನ್ನ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕೋಣ ಅಂತಿದ್ದೀನಿ, ಇನ್ನೊಂದು ಈ ಜನ್ಮದಲ್ಲಿ ಬರಲ್ಲ. ಮೇಸ್ತ್ರಿಗೂ ಓದಿ ಹೇಳಿದೆ. ತನ್ನ ತಾಯಿಗೂ ಅಂಥದೇ ಒಂದು ಮಾಡಿಕೊಡು ಅಂದಿದ್ದಾನೆ. ಮರ ಕೊಯ್ಯೋಕೆ ಶುರು ಮಾಡಿದ್ದೀನಿ. ಅಮ್ಮನಿಗೆ ಹೇಳು, ಅವಳ ಕುರ್ಚಿಗೆ ಇಲ್ಲಿ ಹೆಸರು ಬಂದಿದೆ.

ತಮ್ಮ

ಮೇ ೨

ತಮ್ಮಾ,

ಆ ಮೇಸ್ತ್ರಿ ತಾಯಿಯ ಕುರ್ಚಿ ನಿಲ್ಲಿಸು. ಮೊದಲು ಅದನ್ನ ನಿಲ್ಲಿಸು.

ಅಮ್ಮನಿಗೆ ಹೋದ ವಾರ ಚಳಿಜ್ವರ ಬಂತು. ಡಾಕ್ಟರು ಪರೀಕ್ಷೆ ಮಾಡಿಸಿ ಮೂತ್ರದ ಸೋಂಕು ಅಂದರು. ನೀರು ಕುಡಿಯಲ್ವಾ ಅಂತ ನನ್ನನ್ನ ಕೇಳಿದರು. ನಾನು ದೊಡ್ಡದಾಗಿ, "ಅವಳಿಗೆ ಬಾಯಾರೋದೇ ಇಲ್ಲ ಡಾಕ್ಟ್ರೇ" ಅಂದೆ. ಅಮ್ಮ ಮೇಲೆ ಫ್ಯಾನು ನೋಡ್ತಾ ಕೂತಿದ್ದಳು. ಜ್ವರ ಇಳೀತು, ಅದು ಬೇರೆ. ಮೊನ್ನೆ ನಾನು ಕನ್ನಡಕ ಮರೆತು ಅಂಗಡಿಯಿಂದ ವಾಪಸ್ಸು ಹೋದೆ. ಹಿಂಬಾಗಿಲಿಂದ ಒಳಗೆ ಬಂದೆ, ಅವಳಿಗೆ ಗೊತ್ತಾಗಲಿಲ್ಲ. ಅಮ್ಮ ಕುರ್ಚಿಯಿಂದ ಏಳೋಕೆ ಒದ್ದಾಡ್ತಿದ್ದಳು. ಕಿಟಕಿಯ ಸರಳು ಹಿಡಿದು ಎಳೆದುಕೊಂಡು ಅರ್ಧ ಎದ್ದು, ಹಿಂದಕ್ಕೆ ಬೀಳೋದು. ಮತ್ತೆ ಎಳೆದುಕೊಳ್ಳೋದು, ಮತ್ತೆ ಬೀಳೋದು. ನನ್ನನ್ನ ನೋಡಿ, "ಏನಿಲ್ಲವೇ, ಕೂತು ಕೂತು ಬೇಜಾರಾಗಿ ಆಟ ಆಡ್ತಿದ್ದೆ" ಅಂದಳು.

ಅಯ್ಯೋ ನನ್ನ ಕರ್ಮವೇ! ಎದ್ದು ಬಚ್ಚಲಿಗೆ ಹೋಗೋಕೆ ಆಗಲ್ಲ ಅಂತ ನೀರೇ ಕುಡೀತಿರಲಿಲ್ಲ ಕಣೋ ಅವಳು. ಮಧ್ಯಾಹ್ನ ನಾನು ಹೋದ ತಕ್ಷಣ ಕೈ ಕೊಟ್ಟು ಎಬ್ಬಿಸ್ತಿದ್ದೆ, ಅದು ನನ್ನ ಅಭ್ಯಾಸ. ಕೈ ಕೊಡದಿದ್ದರೆ ಏನಾಗುತ್ತೆ ಅಂತ ಒಂದು ದಿನವೂ ನೋಡಲಿಲ್ಲ. ನಿನ್ನ ಮೇಲೆ ಎಷ್ಟು ಸಿಟ್ಟು ಬಂತು ಅಂದರೆ ಅವತ್ತೇ ಬರೆದಿದ್ದರೆ ಕಾಗದ ಹೊತ್ತಿ ಉರೀತಿತ್ತು. ಎಂಥಾ ಕುರ್ಚಿ ಮಾಡಿದ್ದೀಯೋ! ತಗ್ಗು, ಮೇಲೆ ಹಿಂದಕ್ಕೆ ಇಳಿಜಾರು. ಮುಂದಿನ ಹಲಗೆ ಅಡ್ಡ ಬಂದು ಕಾಲನ್ನ ಒಂದು ಬೆರಳೂ ಹಿಂದಕ್ಕೆ ಎಳೆದುಕೊಳ್ಳೋಕೆ ಆಗಲ್ಲ. ಕಾಲು ಕುರ್ಚಿ ಕೆಳಗೆ ಸರಿಯದೆ ಯಾರು ಏಳ್ತಾರೆ, ನೀನೇ ಹೇಳು.

ಇನ್ನು ಮುಚ್ಚಿಡೋದು ಏನಿದೆ. ಮಾರ್ಚಿನಲ್ಲಿ ಅಮ್ಮ "ಸ್ವಲ್ಪ ಜಾರಿದ್ದು" ಅಲ್ಲ. ಬಿದ್ದು, ನಾನು ಊಟಕ್ಕೆ ಬರೋವರೆಗೂ ನೆಲದ ಮೇಲೇ ಇದ್ದಳು. ನಾನು ಆ ವಾರವೇ ಆರೈಕೆ ಮನೆಗೆ ಹೋಗಿ ನೋಡಿಕೊಂಡು ಬಂದಿದ್ದೆ. ಚೊಕ್ಕಟವಾಗಿದೆ, ಜನ ಒಳ್ಳೆಯವರು. ಈಗ ಒಂದು ಹಾಸಿಗೆ ಖಾಲಿ ಆಗಿದೆ, ತಿಂಗಳ ಕೊನೆಗೆ ಹೇಳಿ ಅಂದಿದ್ದಾರೆ. ಎಲ್ಲಿಗೂ ಬರಲ್ಲ ಅಂತ ಕೂಗಾಡಿದವಳು ನಿನ್ನೆ ಏನಂದಳು ಗೊತ್ತಾ? "ಅವನು ಆಸೆಯಿಂದ ಮಾಡಿದ್ದು, ಆಗಿಬರಲಿಲ್ಲ ಅಂತ ಮಾತ್ರ ಬರೀಬೇಡ. ಬೇಕಾದರೆ ನಾನು ಆ ಮನೆಗೇ ಹೋಗ್ತೀನಿ."

ಅದಕ್ಕೇ ಬರೀತಿದ್ದೀನಿ.

ಅಕ್ಕ

ಮೇ ೧೬

ತಮ್ಮಾ,

ಉತ್ತರ ಇಲ್ಲ. ಸಿಟ್ಟಾದೆಯಾ? ಆಗು, ಪರವಾಗಿಲ್ಲ, ಸಿಟ್ಟಲ್ಲೇ ಎರಡು ಸಾಲು ಬರಿ. ಅಮ್ಮ ದಿನಾ ಅಂಚೆಯವನು ಬಂದನಾ ಅಂತ ಕೇಳ್ತಾಳೆ. ಈಗ ಅವಳನ್ನ ಊಟದ ಮೇಜಿನ ಹತ್ತಿರದ ಮರದ ಕುರ್ಚಿಯಲ್ಲಿ ಕೂರಿಸಿದ್ದೀನಿ. ಅದಕ್ಕೆ ಕೈಯಿಲ್ಲ, ಬೆನ್ನು ನೋಯುತ್ತೆ. ಅಂಗಡಿಯನ್ನ ಅರ್ಧ ದಿನಕ್ಕೇ ಮುಚ್ಚಿ ಬರ್ತಿದ್ದೀನಿ.

ಅಕ್ಕ

ಮೇ ೧೭

ಅಕ್ಕಾ,

ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಮೊದಲು ನನಗೂ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಬೀಳದ ಹಾಗಿರಲಿ ಅಂತ ಬರೆದವಳು ನೀನು. ಏಳೋ ವಿಷಯ ಆ ಕಾಗದದಲ್ಲಿ ಎಲ್ಲಿತ್ತು? ಆಮೇಲೆ ಇನ್ನೊಂದು ಹೊಳೀತು. ನಮ್ಮ ಕೆಲಸದಲ್ಲಿ ಏಳೋ ಮಾತೇ ಬರಲ್ಲ. ದೋಣಿಯಲ್ಲಿ ಎದ್ದು ನಿಂತವನಿಗೆ ನಾವು ಬೈತೀವಿ. ಕೂತವರು ಏಳದ ಹಾಗೆ ಮಾಡೋದನ್ನ ಕಲಿತು ಕಲಿತು ಅಮ್ಮನಿಗೂ ಅದನ್ನೇ ಮಾಡಿ ಕಳಿಸಿದೆ. ಅದರ ಮೇಲೊಂದು ಕತ್ತರಿ ಬೇರೆ ಕೆತ್ತಿದೆ.

ಮೇಸ್ತ್ರಿ ತಾಯಿಗೆ ಮಾಡ್ತಿದ್ದ ಕುರ್ಚಿ ಅರ್ಧ ಆಗಿತ್ತು. ಎರಡೂ ಮೊಣಕಾಲಿಗೆ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿಕೊಂಡು ಅದರಲ್ಲಿ ಕೂತೆ. ಏಳೋಕೆ ನೋಡಿದೆ. ಆಗಲಿಲ್ಲ. ಸುತ್ತ ನಿಂತವರು ಬಿದ್ದು ಬಿದ್ದು ನಕ್ಕರು, ಮೇಸ್ತ್ರಿ ಮಾತ್ರ ನಗಲಿಲ್ಲ. ನಾನು ಅಲ್ಲೇ ಕೂತು ಅಮ್ಮ ಕಿಟಕಿ ಸರಳು ಹಿಡಿದಿದ್ದನ್ನ ನೆನೆಸಿಕೊಂಡೆ. ಅಳು ಬಂತು. ಮರದ ಪುಡಿ ಕಣ್ಣಿಗೆ ಬಿತ್ತು ಅಂದೆ.

ಈಗ ಕೇಳು. ಗರಗಸ ತಗೊಂಡು ಮುಂದಿನ ಹಲಗೆಯನ್ನ ಪೂರ್ತಿ ಕೊಯ್ದು ತೆಗೆ. ನಾಲ್ಕು ಮೂಲೆಯ ಕಾಲು ಗಟ್ಟಿಯಾಗಿದೆ, ಆಸನ ನಿಲ್ಲುತ್ತೆ. ಕತ್ತರಿ ಹೋಗುತ್ತೆ ಅಂತ ಕೈ ತಡೀಬೇಡ. ಆಮೇಲೆ ಅಮ್ಮನನ್ನ ಕೂರಿಸಿ ಎಲ್ಲೆಲ್ಲಿ ಎಷ್ಟು ಎತ್ತರ ಬೇಕು, ಹಿಡಿದು ಏಳೋವಾಗ ಕೈ ಎಲ್ಲಿಗೆ ಬರುತ್ತೆ, ನೋಡಿ ಬರಿ. ಇನ್ನೊಂದು ಕೇಳಬೇಕು. ನಿನ್ನ ಚೀಟಿಯಲ್ಲಿದ್ದಿದ್ದು ಬರೀ ಮೈಯಳತೆಯಾ, ಅಥವಾ ಹೊಲಿಗೆಗೆ ಬಿಡೋ ಹಾಗೆ ಲೂಸ್ ಸೇರಿಸಿ ಬರೆದಿದ್ದೆಯಾ?

ಆರೈಕೆ ಮನೆಯವರಿಗೆ ಈಗಲೇ ಏನೂ ಹೇಳಬೇಡ. ನಿನ್ನ ಕಾಲಿಗೆ ಬೀಳ್ತೀನಿ.

ತಮ್ಮ

ಮೇ ೨೧

ತಮ್ಮಾ,

ನನ್ನ ಕಾಗದ ಅತ್ತ, ನಿನ್ನದು ಇತ್ತ, ದಾರಿಯಲ್ಲಿ ಅಡ್ಡ ಹಾಯ್ದಿವೆ. ಬೈದಿದ್ದನ್ನ ವಾಪಸ್ಸು ತಗೊಂಡಿದ್ದೀನಿ, ಅರ್ಧ.

ಲೂಸ್ ಸೇರಿಸಿಯೇ ಬರೆದಿದ್ದೆ. ಕೈ ತಾನಾಗೇ ಬರೆದುಬಿಡುತ್ತೆ, ಇಷ್ಟು ವರ್ಷದ ಅಭ್ಯಾಸ. ಅದರ ಮೇಲೆ ನೀನೂ ಬಿಟ್ಟಿದ್ದೀಯ. ಅದಕ್ಕೇ ಅಮ್ಮ ಅದರಲ್ಲಿ ಇನ್ನೊಬ್ಬರ ಕೋಟು ಹಾಕಿಕೊಂಡ ಹಾಗೆ ಕಾಣ್ತಿದ್ದಳು. ಸಾಲದ್ದಕ್ಕೆ ನಾನು ಅಳತೆ ತೆಗೆದಿದ್ದು ಅವಳನ್ನ ನಿಲ್ಲಿಸಿಕೊಂಡು! ಕೂರೋ ಕುರ್ಚಿಗೆ ನಿಂತ ಅಳತೆ.

ನಿನ್ನ ಕಾಗದವನ್ನ ಅಮ್ಮನಿಗೆ ಗಟ್ಟಿಯಾಗಿ ಓದಿದೆ, ಅಳು ಬಂದ ಸಾಲನ್ನೂ ಬಿಡಲಿಲ್ಲ. ಆಮೇಲೆ ಶುರುವಾಯ್ತು ನೋಡು. "ಟ್ರಯಲ್ ಹಾಕದೆ ನಮ್ಮ ಅಂಗಡಿಯಿಂದ ಯಾರ ಕೋಟಾದರೂ ಆಚೆ ಹೋಗಿದೆಯೇನೇ? ಒಬ್ಬಳು ಅಳತೆ ತೆಗೆದಳಂತೆ, ಒಬ್ಬ ಮಾಡಿ ಕಳಿಸಿದನಂತೆ, ಹಾಕಿಕೊಳ್ಳೋಳನ್ನ ಇಬ್ಬರೂ ಕೇಳಲಿಲ್ಲ. ತಗೊಂಡು ಬಾ ಟೇಪು." ಇಷ್ಟು ದಿನ ನಮ್ಮ ಮುಖ ನೋಡಿ ಬಾಯಿ ಮುಚ್ಚಿಕೊಂಡಿದ್ದವಳು ಇವಳೇನಾ ಅನ್ನಿಸಿತು.

ಕೊಯ್ಯೋವಾಗ ಅಮ್ಮ ಎದುರಿಗೆ ಕೂತು ಹಲಗೆ ಹಿಡಿದುಕೊಂಡಳು. ಕತ್ತರಿ ಇರೋ ತುಂಡು ಹಾಳಾಗದ ಹಾಗೆ ಸುತ್ತು ಬಳಸಿ ಕೊಯ್ಯಿಸಿದಳು. ಸೊಟ್ಟ ಬಂದಾಗಲೆಲ್ಲಾ "ಅದೇನೇ ಅದು, ಕತ್ತರಿ ಹಿಡಿದ ಕೈಯಾ ಇದು" ಅಂತ ಬೈಗುಳ. ಆ ತುಂಡು ಈಗ ಹೊಲಿಗೆ ಮಷಿನ್ನಿನ ಮೇಲೆ ಗೋಡೆಗೆ ತೂಗ್ತಿದೆ.

ಆಮೇಲೆ ಫಿಟ್ಟಿಂಗು. ಕುರ್ಚಿ ಕಾಲ ಕೆಳಗೆ ಹಳೇ ಹಲಗೆ ತುಂಡುಗಳನ್ನ ಇಡೋದು, ಅಮ್ಮ ಕೂರೋದು, ನಾನು ನೆಲಕ್ಕೆ ಬಗ್ಗಿ ನೋಡೋದು. ಪಾದ ಪೂರ್ತಿ ನೆಲಕ್ಕೆ ಊರಬೇಕು, ತೊಡೆ ಮೊಣಕಾಲಿಗಿಂತ ಒಂಚೂರು ಮೇಲಿರಬೇಕು. ಹಿಂದಿನ ಕಾಲಿಗೆ ಹೆಚ್ಚು ಎತ್ತರ ಕೊಟ್ಟರೆ ನಿನ್ನ ಇಳಿಜಾರು ಹೋಗುತ್ತೆ. ಬೆನ್ನಿಗೆ ಗಟ್ಟಿ ದಿಂಬು ಇಟ್ಟು ಮುಂದಕ್ಕೆ ತಂದೆ, ಅದಕ್ಕೆ ಗವಸು ಅಮ್ಮನೇ ಹೊಲೀತಿದ್ದಾಳೆ. ಏಳೋವಾಗ ಕೈ ಒತ್ತೋ ಜಾಗ ಕುರ್ಚಿಯ ಕೈಗಳ ತುದಿಯಿಂದ ಒಂದು ಗೇಣು ಮುಂದೆ ಬೇಕು. ಎಲ್ಲಕ್ಕೂ ಚಾಕ್ ಗುರುತು ಹಾಕಿ ಅಳತೆ ಜೊತೆಗಿಟ್ಟಿದ್ದೀನಿ. ಲೂಸ್ ಸೇರಿಸಿಲ್ಲ. ಅಮ್ಮನೂ ಒಂದು ಸಲ ಟೇಪು ಹಿಡಿದು ಸರಿ ನೋಡಿದ್ದಾಳೆ.

ಅಕ್ಕ

ಮೇ ೨೬

ಅಕ್ಕಾ,

ಕುರ್ಚಿ ಕಾಲಿನ ಕೆಳಗೆ ಇಡೋ ನಾಲ್ಕು ಮರದ ಗಟ್ಟಿ, ಎರಡು ಕೈಹಿಡಿ, ಸ್ಕ್ರೂ ಎಲ್ಲಾ ಪಾರ್ಸಲ್ಲಿನಲ್ಲಿವೆ. ಗಟ್ಟಿಗಳಲ್ಲಿ ಕುಳಿ ತೋಡಿದ್ದೀನಿ, ಕಾಲು ಅದರೊಳಗೆ ಕೂತು ಸ್ಕ್ರೂ ಬಿಗಿದರೆ ಜಾರಲ್ಲ. ಕೈಹಿಡಿಯನ್ನ ಅಮ್ಮನ ಕತ್ತರಿ ಹಿಡಿಯಷ್ಟು ದಪ್ಪ ಮಾಡಿದ್ದೀನಿ, ಅವಳ ಕೈಗೆ ಅದು ಗೊತ್ತು. ನನಗೆ ರಜೆ ಸಿಕ್ಕಿದೆ, ಜೂನ್ ಮೊದಲ ವಾರ ಬರ್ತೀನಿ, ಅಮ್ಮನಿಗೆ ಹೇಳಬೇಡ. ಹಗಲು ಹೊತ್ತು ಬಂದರೆ ನೀನಿರಲ್ಲ. ಬಾಗಿಲಿಗಾಗಿ ಅವಳು ಎದ್ದು ಒದ್ದಾಡೋದು ಬೇಡ, ಕೀಲಿ ಹೂಕುಂಡದ ಕೆಳಗಿಡು.

ತಮ್ಮ

ಮೇ ೩೦

ತಮ್ಮಾ,

ಎಲ್ಲಾ ಜೋಡಿಸಿದೆ. ಕೂತಾಗ ಈಗ ಅಮ್ಮ ಅಮ್ಮನ ಥರ ಕಾಣ್ತಾಳೆ. ನಾನು ಕೈ ಕೊಟ್ಟರೆ ಸಲೀಸಾಗಿ ಏಳ್ತಾಳೆ. ಒಬ್ಬಳೇ ಏಳ್ತಾಳಾ ಅಂದರೆ ಗೊತ್ತಿಲ್ಲ. ಎಷ್ಟು ಬೇಡಿಕೊಂಡರೂ ತೋರಿಸಲ್ಲ. "ಹಾಗೆ ಗೂಬೆ ಥರ ಕಣ್ಣು ಬಿಟ್ಟುಕೊಂಡು ನಿಂತರೆ ನನಗೆ ಏಳೋಕೆ ಬರಲ್ಲ, ಕೈ ಕೊಡು" ಅಂತಾಳೆ. ನನಗೆ ಭಯ ಹೋಗಿಲ್ಲ ಕಣೋ. ಆಗಲ್ಲ ಅಂತ ಮುಚ್ಚಿಡ್ತಿದ್ದಾಳೇನೋ, ಹೋದ ಸಲದ ಹಾಗೆ. ಆರೈಕೆ ಮನೆಯವರು ಇನ್ನೆರಡು ವಾರ ಕಾಯ್ತೀವಿ, ಆಮೇಲೆ ಹಾಸಿಗೆ ಬೇರೆಯವರಿಗೆ ಅಂದಿದ್ದಾರೆ. ಬೇಡ ಅನ್ನೋಕೆ ನನಗೆ ಧೈರ್ಯ ಬರ್ತಿಲ್ಲ.

ಕೀಲಿ ಇಟ್ಟಿದ್ದೀನಿ. ಬೇಗ ಬಾ.

ಅಕ್ಕ

ಜೂನ್ ೧೦

ಅಕ್ಕಾ,

ಕ್ಷೇಮವಾಗಿ ಬಂದು ಸೇರಿದೆ. ನಿನ್ನ ಎದುರಿಗಿದ್ದ ಅಷ್ಟೂ ದಿನ ಒಂದು ಮಾತು ನಾಲಿಗೆ ತುದಿಯಲ್ಲಿತ್ತು. ಹೇಳಬೇಡ ಅಂತ ಅಮ್ಮ ಮಾತು ತಗೊಂಡಿದ್ದಳು. ಬರೀಬೇಡ ಅಂತ ಹೇಳಿರಲಿಲ್ಲ, ಅದಕ್ಕೇ ಬರೀತಿದ್ದೀನಿ. ನೀನು ಬಸ್ಸು ಹತ್ತಿಸೋವಾಗಲೂ ಆರೈಕೆ ಮನೆ, ಆರೈಕೆ ಮನೆ ಅಂತಲೇ ಅಂತಿದ್ದೆ, ನೋಡೋಕಾಗಲಿಲ್ಲ.

ನಾನು ಬಂದ ದಿನ ಕೀಲಿ ತೆಗೆದು ಒಳಗೆ ಹೋದೆ ಅಂತ ನೀನು ಅಂದುಕೊಂಡಿದ್ದೀಯ. ಹೂಕುಂಡದ ಕೆಳಗೆ ಕೀಲಿ ಇರಲಿಲ್ಲ. ಅಮ್ಮ ಅದನ್ನ ನೋಡಿ, "ಕಳ್ಳರಿಗೆ ಅನುಕೂಲ ಮಾಡಿಕೊಟ್ಟಿದ್ದಾಳೆ" ಅಂತ ತೆಗೆದು ತನ್ನ ಗುಂಡಿ ಡಬ್ಬಿಯಲ್ಲಿ ಹಾಕಿಕೊಂಡಿದ್ದಳು. ಹೂಕುಂಡ ಇರೋದು ಮೆಟ್ಟಿಲ ಕೆಳಗೆ, ಹೊರಗೆ. ಅಲ್ಲಿವರೆಗೂ ಅವಳು ಹೇಗೆ ಹೋದಳು ಅಂತ ಆಮೇಲೆ ಯೋಚನೆ ಮಾಡು.

ಹಿಂಬಾಗಿಲು ನೆನಪಿಗೆ ಬರದೆ ಬಾಗಿಲು ಬಡಿದೆ. ಬಡಿದ ಮೇಲೆ ನನ್ನ ಕೈಯನ್ನ ನಾನೇ ಕಡಿದುಕೊಳ್ಳೋ ಹಾಗಾಯ್ತು. ಒಳಗೆ ಕುರ್ಚಿ ಕಿರ್ ಅಂತು. ಸದ್ದಿಲ್ಲ. ಈಗ ಬೀಳ್ತಾಳೆ, ಈಗ ಬೀಳ್ತಾಳೆ ಅಂತ ಬಾಗಿಲಿಗೆ ಕಿವಿ ಇಟ್ಟೆ. "ಅಮ್ಮಾ, ಏಳಬೇಡ, ನಾನು ಹಿಂದಿನಿಂದ ಬರ್ತೀನಿ" ಅಂತ ಕೂಗಿದೆ. "ಯಾರೋ ಅದು, ಸ್ವಲ್ಪ ತಾಳು, ಹೊತ್ತಿಕೊಂಡು ಉರೀತಿದೆಯಾ" ಅಂತ ಬಂತು ಉತ್ತರ. ಆಮೇಲೆ ಚಪ್ಪಲಿ ಎಳೆಯೋ ಸದ್ದು. ಬಾಗಿಲು ತೆಗೆದಳು. ಒಂದು ಕೈಯಲ್ಲಿ ಬಾಗಿಲು ಹಿಡಿದು ನೆಟ್ಟಗೆ ನಿಂತಿದ್ದಳು. ನಾನು ಬಂದಿದ್ದು ನೋಡಿ ಬಾ ಅಂತಲೂ ಅನ್ನಲಿಲ್ಲ. "ನೋಡಿದೆಯಾ?" ಅಂದಳು.

ಅವಳು ದಿನಾ ಏಳ್ತಾಳೆ ಅಕ್ಕಾ. ನೀರು ಕುಡೀತಾಳೆ, ಬಚ್ಚಲಿಗೆ ಹೋಗಿ ಬರ್ತಾಳೆ, ಕಿಟಕಿ ಹಾಕ್ತಾಳೆ, ನೀನು ಊಟಕ್ಕೆ ಬರೋ ಹೊತ್ತಿಗೆ ಮತ್ತೆ ಹೋಗಿ ಕೂತುಬಿಡ್ತಾಳೆ. ಅಕ್ಕನಿಗೆ ಯಾಕೆ ಹೇಳಬಾರದು ಅಂತ ಕೇಳಿದೆ. ಗವಸಿನ ನೂಲು ಕಚ್ಚಿ ಕತ್ತರಿಸ್ತಾ ಹೇಳಿದಳು, "ಒಬ್ಬಳೇ ಏಳ್ತೀನಿ ಅಂತ ಗೊತ್ತಾದರೆ ಅವಳು ಮಧ್ಯಾಹ್ನ ಮನೆಗೆ ಬರೋದು ನಿಲ್ಲಿಸಿಬಿಡ್ತಾಳೆ. ಅಂಗಡಿಯಲ್ಲೇ ಏನೋ ತಿಂದುಕೊಂಡು ಕೂತುಬಿಡ್ತಾಳೆ, ನನಗೆ ಗೊತ್ತಿಲ್ವಾ ಅವಳು."

ಆರೈಕೆ ಮನೆಗೆ ಬೇಡ ಅಂತ ಹೇಳಿಬಿಡು. ಮಧ್ಯಾಹ್ನ ಹೋಗು. ನಾನು ಬರೆದೆ ಅಂತ ಹೇಳಬೇಡ.

ತಮ್ಮ

ಜೂನ್ ೧೬

ತಮ್ಮಾ,

ಆರೈಕೆ ಮನೆಗೆ ಹೋಗಿ ಬೇಡ ಅಂತ ಹೇಳಿ ಬಂದೆ. ಅಂಗಡಿ ಮೊದಲಿನ ಹಾಗೆ ಪೂರ್ತಿ ದಿನ ತೆಗೀತಿದ್ದೀನಿ.

ಮಧ್ಯಾಹ್ನ ಮನೆಗೆ ಹೋದೆ. ಅಮ್ಮ ಕುರ್ಚಿಯಲ್ಲಿ ಕೂತಿದ್ದಳು, ಏನೂ ಗೊತ್ತಿಲ್ಲದವಳ ಹಾಗೆ. ಪಕ್ಕದಲ್ಲಿ ಜಗ್ಗು ಖಾಲಿಯಾಗಿತ್ತು. "ಬಂದೆಯಾ, ಕೈ ಕೊಡು" ಅಂದಳು. ಕೊಟ್ಟೆ. ಹಿಡಿದುಕೊಂಡು ಎದ್ದಳು. ನನ್ನ ಕೈ ಮೇಲೆ ಒಂಚೂರೂ ಭಾರ ಬೀಳಲಿಲ್ಲ.

"ಎಷ್ಟು ಭಾರ ಆಗಿದ್ದೀಯಮ್ಮಾ" ಅಂದೆ. ಊಟಕ್ಕೆ ಕೂರೋವರೆಗೂ ಅವಳು ಕೈ ಬಿಡಲಿಲ್ಲ.

ಅಕ್ಕ